ಹನ್ನೊಂದನೇ ನಿಮಿಷ

ಮಾರ್ಚ್ 2

ಪ್ರೀತಿಯ ಅಕ್ಕ,

ನಲವತ್ತು ವರ್ಷ ಮರ್ಯಾದಸ್ಥನಾಗಿ ಬಾಳಿದ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ: ನಿನ್ನೆ ಸಂಜೆ ಬಸ್ ನಿಲ್ದಾಣದ ಗೋಡೆಯಿಂದ ಒಂದು ಪೋಸ್ಟರ್ ಕದ್ದೆ. ಗೋಂದು ಇನ್ನೂ ಹಸಿಯಾಗಿತ್ತು, ಸಲೀಸಾಗಿ ಬಂತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು "ನಾಚಿಕೆ ಆಗಲ್ವಾ?" ಅಂದರು. "ಇದು ನಂದೇ ಅಮ್ಮಾ" ಅಂದೆ. "ಕದಿಯೋರೆಲ್ಲ ಹಾಗೇ ಹೇಳೋದು" ಅಂದರು. ಕದ್ದ ಮಾಲನ್ನು ಮಡಚಿ ಇದರ ಜೊತೆ ಕಳಿಸಿದ್ದೇನೆ. ಇನ್ನು ಮೇಲೆ ನೀನೂ ಪಾಲುದಾರಳು.

ಅದರ ಕೆಳಗಿನ ಮೂಲೆಯಲ್ಲಿ ಇರುವೆ ಸಾಲು ಹೊರಟ ಹಾಗೆ ಕಾಣುತ್ತದಲ್ಲ, ಅದು ನನ್ನ ಹೆಸರು. ನಿನ್ನ ಲ್ಯಾಬಿನ ಭೂತಗನ್ನಡಿ ಹಿಡಿದು ನೋಡು. ಕಥೆ, ಚಿತ್ರಕಥೆ, ಸಂಭಾಷಣೆ ಮೂರೂ ನಾನೇ. ಹದಿನಾಲ್ಕು ವರ್ಷ ಬೇರೆಯವರ ಧಾರಾವಾಹಿಗಳಲ್ಲಿ ಅತ್ತೆಯರ ಬಾಯಿಗೆ ಬೈಗುಳ, ಸೊಸೆಯರ ಕಣ್ಣಿಗೆ ನೀರು ಸರಬರಾಜು ಮಾಡಿದೆ. ಹೆಸರು ಒಂದು ಸಲವೂ ಪರದೆಯ ಮೇಲೆ ಬರಲಿಲ್ಲ. ಅಂತೂ ವನವಾಸ ಮುಗಿಯಿತು. ಇದು ಓಡಿದರೆ ನಾನು ಬರಹಗಾರ. ಓಡದಿದ್ದರೆ ಮತ್ತೆ ಅತ್ತೆ-ಸೊಸೆಯರ ಸೇವೆಗೆ ವಾಪಸ್. ನಡುವೆ ಇನ್ನೊಂದು ದಾರಿ ಇಲ್ಲ. ಚಾನೆಲ್ಲಿನ ಮುಖ್ಯಸ್ಥರು ನನ್ನ ಎರಡೂ ಕೈ ಹಿಡಿದು "ಇನ್ನೂರು ಕಂತು, ಮಾತು ಕೊಟ್ಟೆ" ಎಂದಿದ್ದಾರೆ.

ಧಾರಾವಾಹಿಯ ಹೆಸರು 'ಪ್ರಯಾಣಿಕರ ಗಮನಕ್ಕೆ'. ಕಥಾನಾಯಕ ರೈಲು ನಿಲ್ದಾಣದ ಅನೌನ್ಸರ್. ಹೌದು, ಭಾವನ ಕೆಲಸವೇ! ಇದೇ 14ರ ಸೋಮವಾರ ಸಂಜೆ ಏಳಕ್ಕೆ. ಎಲ್ಲರೂ ಟಿವಿ ಮುಂದೆ ಕೂರಬೇಕು. ಊರಿನವರ ಬಾಯಿಗೆಲ್ಲ ಹಲ್ಲಿನ ಸೆಟ್ ಮಾಡಿಕೊಡುವ ನಿನ್ನದು ದಂತಕಥೆ. ನನ್ನದು ಬರೀ ಕಥೆ. ಆದರೂ ನೋಡು.

ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತನ್ನು ಒಬ್ಬರು ಕತ್ತರಿಸಿ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಿ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ.

ನಿನ್ನ
ಬುರುಡೆ


ಮಾರ್ಚ್ 8

ಪ್ರೀತಿಯ ಬುರುಡೆಗೆ,

ಕಳ್ಳಮಾಲು ತಲುಪಿತು. ಗೋಂದು ಲಕೋಟೆಗೆ ಅಂಟಿಕೊಂಡು ನಾಯಕನ ಒಂದು ಕಿವಿ ಹರಿದುಹೋಯಿತು. ಇವರು ಉಳಿದದ್ದನ್ನೇ ತೆಗೆದುಕೊಂಡು ಹೋಗಿ ಸ್ಟೇಷನ್ನಿನ ತಮ್ಮ ಕೋಣೆಯಲ್ಲಿ, ಮೈಕಿನ ಹಿಂದಿನ ಗೋಡೆಗೆ ಅಂಟಿಸಿದ್ದಾರೆ. ಟಿಕೆಟ್ ಕೊಡುವವರು, ಸಿಗ್ನಲ್ಲಿನವರು, ಕೊನೆಗೆ ಸ್ಟೇಷನ್ ಮಾಸ್ಟರೂ ಬಂದು ನೋಡಿ ಹೋದರಂತೆ. "ನಮ್ಮ ಬಾಮೈದ ಬರೆದದ್ದು" ಅಂತ ಒಬ್ಬೊಬ್ಬರಿಗೂ ಹೇಳಿದ್ದಾರೆ. ನಿನ್ನ ಭಾವ ಬಾಯಿಬಿಟ್ಟು ಜಂಬ ಪಟ್ಟದ್ದು ನಾನು ನೋಡಿದ್ದು ಇದೇ ಮೊದಲು.

ಪುಟ್ಟಿ ಸ್ಕೂಲಿನಲ್ಲಿ "ಮಾಮ ನಮ್ಮಪ್ಪನ ಮೇಲೆ ಸೀರಿಯಲ್ ಮಾಡಿದ್ದಾನೆ" ಅಂತ ಸಾರಿಕೊಂಡು ಬಂದಿದ್ದಾಳೆ. ಹದಿಮೂರು ತುಂಬಿತು, ಇನ್ನೂ ಮಾಮ ಅಂದರೆ ಪ್ರಾಣ. ನಮ್ಮ ಅತ್ತೆಯವರಿಗೆ ಎಪ್ಪತ್ತೊಂದು. ಕಣ್ಣು ಮಂದ, ಕಿವಿ ಚುರುಕು. "ಆ ಹುಡುಗ ಬರೆದದ್ದಾ? ಹಾಗಾದರೆ ಕೇಳಿಸಿಕೊಳ್ತೀನಿ" ಅಂದರು. ಇವರದು ಮಾತ್ರ ದಿನಾ ಒಂದೇ ಪ್ರಶ್ನೆ: "ಕಥೆಯಲ್ಲಿ ಆ ಅನೌನ್ಸರ್ ಏನು ಮಾಡ್ತಾನಂತೆ?" ಹೇಳೋ ಮಾರಾಯ.

ಅಂದಹಾಗೆ, ಅನೌನ್ಸರ್ ಅಂದಮೇಲೆ ಪೋಸ್ಟರಿನಲ್ಲಿ ಆ ನಟ ಯಾಕೆ ಬಾಯಿ ಬಿಗಿದುಕೊಂಡು ನಿಂತಿದ್ದಾನೆ?

ನಮ್ಮ ಮನೆಯಲ್ಲಿ ಟಿವಿ ನೋಡುವುದು ಈಚೆಗೆ ಸ್ವಲ್ಪ ಕಟ್ಟುನಿಟ್ಟಿನ ಕೆಲಸ. ಯಾಕೆ ಅಂತ ಕೇಳಬೇಡ, ಹೇಳುವ ಹಾಗಿಲ್ಲ. ಆದರೆ 14ಕ್ಕೆ ನಾಲ್ಕೂ ಜನ ಕೂರುತ್ತೇವೆ, ನಿನಗೆ ಲೆಕ್ಕಕ್ಕೆ ಸಿಗುವ ಹಾಗೆ ಕೂರುತ್ತೇವೆ. ಅಷ್ಟು ನಂಬು.

ಇನ್ನೊಂದು. ನಾನು ಬರೆದ ಹಳೇ ಕಾಗದಗಳನ್ನೆಲ್ಲ ಓದಿ ಹರಿದು ಹಾಕ್ತೀಯ ತಾನೇ? ಹಾಗಂತ ನೀನು ಮಾತು ಕೊಟ್ಟಿದ್ದೆ.

ಅಕ್ಕ


ಮಾರ್ಚ್ 11

ಅಕ್ಕ,

ತುರ್ತಿನಲ್ಲಿ ನಾಲ್ಕೇ ಸಾಲು. ಕಥೆ ಮೊದಲೇ ಹೇಳಿಬಿಟ್ಟರೆ ನೋಡುವವರು ಯಾರು? ಭಾವನಿಗೆ ಹೇಳು: ಅನೌನ್ಸರ್ ಅನೌನ್ಸ್ ಮಾಡ್ತಾನೆ. ಆ ನಟ ಬಾಯಿ ಬಿಗಿದಿರುವುದು ಅವನ ಸಂಭಾವನೆ ಕಡಿಮೆಯಾದದ್ದಕ್ಕೆ ಇರಬಹುದು, ಸಂಭಾಷಣೆ ಕಡಿಮೆಯಾದದ್ದಕ್ಕಂತೂ ಅಲ್ಲ.

ಕಾಗದಗಳ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಎಡಿಟಿಂಗ್ ಕೋಣೆಯಿಂದ ಕೂಗುತ್ತಿದ್ದಾರೆ.

ಬುರುಡೆ


ಮಾರ್ಚ್ 17

ಅಕ್ಕ,

ಒಂದೇ ಕಂತಿಗೆ ಕಂತಿತು.

ಮಂಗಳವಾರ ಏಳಕ್ಕೆ ನೀವೆಲ್ಲ ಟಿವಿ ಹಾಕಿದಾಗ ಕ್ವಿಜ್ ಬಂತಲ್ಲ, ಅದು ತಪ್ಪಿ ಬಂದದ್ದಲ್ಲ. ಸೋಮವಾರ ಹುಟ್ಟಿತು, ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ತೀರಿಕೊಂಡಿತು. ಧಾರಾವಾಹಿ ಅಂತಾರೆ, ನನ್ನದಕ್ಕೆ ಧಾರೆಯೂ ಇಲ್ಲ, ವಾಹಿಯೂ ಇಲ್ಲ. ಕಸ ಗುಡಿಸುವವರಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ನನ್ನ ಮೇಜಿನ ಮೇಲಿದ್ದ ಮೂವತ್ತು ಕಂತಿನ ಸ್ಕ್ರಿಪ್ಟನ್ನು ಎತ್ತಿಕೊಂಡು "ಇದು ರದ್ದಿಗೆ ತಾನೇ ಸಾರ್?" ಅಂದರು.

ಇನ್ನೂರು ಕಂತಿನ ಮಾತು ಕೊಟ್ಟಿದ್ದ ಮುಖ್ಯಸ್ಥರ ಬಾಗಿಲಿಗೆ ಹೋದೆ. ನನ್ನ ಎರಡು ಕೈ ಹಿಡಿದಿದ್ದ ಆ ಎರಡು ಕೈಗಳಲ್ಲಿ ಈಗ ಒಂದು ಹಾಳೆ. "ನೋಡಯ್ಯ, ಜನ ಎದ್ದು ಹೋಗ್ತಾ ಇದ್ದಾರೆ." ಜನ ಎಂದರೆ ಯಾರು ಗೊತ್ತೇ? ನಿಮ್ಮ ಊರಿನ ಒಂದು ಮನೆ!

ನಿನಗೆ ಇದು ಗೊತ್ತಿರಲಾರದು, ಹೇಳುತ್ತೇನೆ. ಯಾರು ಏನು ನೋಡುತ್ತಾರೆ ಅಂತ ತಿಳಿಯಲು ಊರಿಗೆ ನಾಲ್ಕಾರು ಮನೆ ಆರಿಸಿ, ಟಿವಿಯ ಮೇಲೆ ಗುಟ್ಟಾಗಿ ಒಂದು ಡಬ್ಬ ಕೂರಿಸುತ್ತಾರೆ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ಕೂತರೆ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಆ ಮನೆ ಯಾವುದು ಅಂತ ನಮಗೂ ಹೇಳುವುದಿಲ್ಲ. ಊರು, ವಯಸ್ಸು, ನಿಮಿಷ ಇಷ್ಟೇ. ಬೇರೆ ಊರುಗಳಲ್ಲೂ ನಿಮ್ಮೂರಿನಲ್ಲೂ ಮಿಕ್ಕ ಡಬ್ಬಗಳ ಮನೆಯವರೆಲ್ಲ ಅವತ್ತು ಬೇರೆ ಕಡೆ ಫುಟ್‌ಬಾಲ್ ನೋಡುತ್ತಿದ್ದರಂತೆ. ಈ ಒಂದು ಮನೆಯಲ್ಲಿ ಏಳಕ್ಕೆ ನಾಲ್ಕು ಜನ ಶಿಸ್ತಾಗಿ ಕೂತಿದ್ದಾರೆ. ಹನ್ನೊಂದನೇ ನಿಮಿಷದಲ್ಲಿ ಗಂಡಸು, 46, ಎದ್ದ. ಅವನ ಹಿಂದೆ ಹುಡುಗಿ, 13. ಆಮೇಲೆ ಮುದುಕಿ, 71. ಕೊನೆಗೆ ಹೆಂಗಸು, 43. ಹದಿಮೂರನೇ ನಿಮಿಷಕ್ಕೆ ಮನೆಯೇ ಖಾಲಿ. ಟಿವಿ ಮಾತ್ರ ಉರಿಯುತ್ತಾ ಇದೆ! ಗೋಡೆಗಳಿಗೆ ನನ್ನ ನಾಟಕ! ಎಂಥಾ ಕಲ್ಲೆದೆಯ ಸಂಸಾರ ಇರಬೇಕು ಅದು. ಪಕ್ಕದ ಬೀದಿಯಲ್ಲೇ ಇದ್ದಾರೋ ಏನೋ, ಸ್ವಲ್ಪ ವಿಚಾರಿಸು. ಸಿಕ್ಕರೆ ಅವರ ಹಲ್ಲಿನ ಸೆಟ್ ಒಂದು ಸೈಜ್ ಚಿಕ್ಕದು ಮಾಡಿಕೊಡು.

ಇಲ್ಲಿ ಆಫೀಸಿನ ಹಾಲಿನಲ್ಲಿ ಇಪ್ಪತ್ತು ಜನ ಕೂತಿದ್ದೆವು. ಒಬ್ಬನಿಗೆ ಫೋನ್ ಬಂತು, ಇನ್ನೊಬ್ಬನಿಗೆ ಬಸ್ ತಪ್ಪುತ್ತಿತ್ತು, ಒಬ್ಬೊಬ್ಬರೇ ಜಾರಿಕೊಂಡರು. ನಾನೊಬ್ಬ ರೆಪ್ಪೆ ಮಿಟುಕಿಸದೆ ಇಪ್ಪತ್ತೆರಡು ನಿಮಿಷವೂ ನೋಡಿದೆ. ಬರೆದವನಿಗೆ ಅಷ್ಟಾದರೂ ಎದೆ ಇರಬೇಕು ಅಕ್ಕ.

ಹಲ್ಲಿನ ವಿಷಯ ಅಲ್ಲಲ್ಲಿ ಸ್ವಲ್ಪ ಬಂತು. ನಿನಗೆ ನಗು ಬಂದಿರಬೇಕು. ಭಾವ ಏನಂದರು?

ಬುರುಡೆ


ಮಾರ್ಚ್ 28

ಅಕ್ಕ,

ಹನ್ನೊಂದು ದಿನ ಆಯಿತು. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ಕೈ ಆಡಿಸಿ ಮುಂದೆ ಹೋಗುತ್ತಾನೆ. ಜ್ವರವೇ? ಲ್ಯಾಬಿನಲ್ಲಿ ಕೆಲಸ ಜಾಸ್ತಿಯೇ? ಇಲ್ಲಿ ನನ್ನ ಕುರ್ಚಿಯನ್ನು ಕ್ವಿಜ್ ಮಾಡುವವರಿಗೆ ಕೊಟ್ಟಿದ್ದಾರೆ. ಕ್ಯಾಂಟೀನಿನಲ್ಲಿ ಕೂತು ಯಾವುದೋ ಸೊಸೆಗೆ ಕಣ್ಣೀರು ಬರೆಯುತ್ತಿದ್ದೇನೆ. ಎಲ್ಲರೂ ಕೈ ಬಿಟ್ಟರು. ನೀನೂ ಬಿಟ್ಟೆಯಾ?

ಬುರುಡೆ


ಏಪ್ರಿಲ್ 4

ತಮ್ಮನಿಗೆ,

ವಿಚಾರಿಸು ಅಂದೆಯಲ್ಲ, ವಿಚಾರಿಸಿದೆ. ಗಂಡಸು 46, ಹುಡುಗಿ 13, ಮುದುಕಿ 71, ಹೆಂಗಸು 43. ವಯಸ್ಸುಗಳನ್ನು ನೀನೇ ನಿನ್ನ ಕೈಯಾರೆ ಬರೆದು ಕಳಿಸಿದ್ದೀಯ. ಬರೆಯುವಾಗಲೂ ಹೊಳೆಯಲಿಲ್ಲವಾ?

ಆರು ತಿಂಗಳ ಹಿಂದೆ ಡಬ್ಬ ಕೂರಿಸುವವರು ಬಂದಿದ್ದರು. "ನಿಮ್ಮವರು ಯಾರಾದರೂ ಟಿವಿಯಲ್ಲಿ ಕೆಲಸ ಮಾಡ್ತಾರಾ?" ಅಂತ ಕೇಳಿದರು. ಮಾಡಿದರೆ ಕೊಡುವ ಹಾಗಿಲ್ಲವಂತೆ. ಇವರು "ಹೌದು" ಅನ್ನಲು ಬಾಯಿ ತೆರೆದಿದ್ದರು. ನಾನು ನಡುವೆ ನುಗ್ಗಿ "ಯಾರೂ ಇಲ್ಲ" ಅಂದುಬಿಟ್ಟೆ. ಇವತ್ತಲ್ಲ ನಾಳೆ ನನ್ನ ತಮ್ಮನ ಹೆಸರು ಪರದೆಯ ಮೇಲೆ ಬರುತ್ತೆ, ಆವತ್ತು ನಮ್ಮ ನಾಲ್ಕು ಗುಂಡಿ ಅವನಿಗೆ ಸಲ್ಲಲಿ ಅಂತ. ನನ್ನ ಜೀವನದಲ್ಲಿ ಇವರ ಮುಂದೆ ಹೇಳಿದ ಒಂದೇ ಸುಳ್ಳು ಅದು. ಇವರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ, "ಸುಳ್ಳು ಹೇಳಿ ಇಟ್ಟುಕೊಂಡಿದ್ದೀವಿ, ಗುಂಡಿಯನ್ನಾದರೂ ಸತ್ಯವಾಗಿ ಒತ್ತೋಣ" ಅಂದರು. ಅವತ್ತಿನಿಂದ ನೀರು ಕುಡಿಯಲು ಎದ್ದರೂ ಒತ್ತಿಯೇ ಏಳುತ್ತಾರೆ.

ಈಗ ಆ ಸೋಮವಾರ. ಇವರು ಡ್ಯೂಟಿ ಬದಲಾಯಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿ ಕೂತಿದ್ದರು. ನಾಯಕ ಮೈಕಿನ ಮುಂದೆ ಬಂದಾಗ "ನೋಡಿದ್ರಾ, ಮೈಕು ಹಿಡಿಯೋದು ಹಾಗಲ್ಲ" ಅಂತ ತಪ್ಪು ಹುಡುಕಿ ಸಂತೋಷಪಟ್ಟರು. ಆ ಮನುಷ್ಯನ ಹಲ್ಲಿನ ಸೆಟ್ ಜಾರಿ ಮೈಕಿನ ಮೇಲೆ ಬಿದ್ದು, ಅನೌನ್ಸ್‌ಮೆಂಟ್ ಕೆಟ್ಟು, ಜನ ತಪ್ಪು ರೈಲು ಹತ್ತಿದಾಗ ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರೂ ನಕ್ಕರು. ತುಟಿ ಮುಚ್ಚಿಕೊಂಡು.

ಆಮೇಲೆ ನಿನ್ನ ಹನ್ನೊಂದನೇ ನಿಮಿಷ. ಆ ಮನುಷ್ಯ ಬೆಳಿಗ್ಗೆ ಬಾತ್‌ರೂಮಿನ ಕನ್ನಡಿ ಮುಂದೆ, ಹಲ್ಲು ಹಾಕಿಕೊಳ್ಳುವ ಮೊದಲು, ಬೊಚ್ಚು ಬಾಯಲ್ಲಿ ಮಗಳ ಹೆಸರು ಹೇಳಿ ಹೇಳಿ ಅಭ್ಯಾಸ ಮಾಡ್ತಾನೆ. ಎಂದಾದರೂ ನಾಲ್ಕು ಜನರ ಮುಂದೆ ಸೆಟ್ ಕೈಕೊಟ್ಟರೆ ಅದೊಂದು ಹೆಸರಾದರೂ ತೊದಲದೆ ಬರಲಿ ಅಂತ. ಒಂದೊಂದು ಸಲ ತೊದಲಿದಾಗಲೂ ಹಿಂದಿನಿಂದ ನೂರು ಜನ ನಗುವ ಸದ್ದು.

ಇವರು ಇಪ್ಪತ್ತಾರನೇ ವಯಸ್ಸಿನಲ್ಲಿ ಸೈಕಲ್ಲಿಂದ ಬಿದ್ದು ಮುಂದಿನ ಆರು ಹಲ್ಲು ಕಳೆದುಕೊಂಡವರು. ಸೆಟ್ ಮಾಡಿಕೊಟ್ಟವಳು ನಾನು. ಹಾಗೇ ಪರಿಚಯ, ಹಾಗೇ ಮದುವೆ. ಪುಟ್ಟಿಗೆ ಗೊತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕನ್ನಡಿಯ ವಿಷಯ ಗೊತ್ತಿದ್ದದ್ದು ನನಗೆ. ಯಾವತ್ತೋ ಒಂದು ದಿನ ಮನಸ್ಸು ತುಂಬಿ ಬಂದು, ಒಬ್ಬನಿಗೆ ಕಾಗದದಲ್ಲಿ ಬರೆದಿದ್ದೆ.

ಇವರು ಎದ್ದರು. "ಏನಾಯ್ತೋ?" ಅಂತ ಅತ್ತೆ. "ನೀರು ಕುಡಿದು ಬರ್ತೀನಮ್ಮ." ಬಾಗಿಲವರೆಗೆ ಹೋದವರು ನಿಂತು, ವಾಪಸ್ ಬಂದು, ಬಗ್ಗಿ, ತಮ್ಮ ಗುಂಡಿ ಒತ್ತಿ, ಮತ್ತೆ ಹೋದರು. ಅಂಥಾ ಹೊತ್ತಿನಲ್ಲೂ.

ಪುಟ್ಟಿಯ ನಗು ಅಷ್ಟಕ್ಕೇ ನಿಂತುಹೋಯಿತು. "ಅಮ್ಮ, ಅಪ್ಪ ಬೆಳಿಗ್ಗೆ ಬಾತ್‌ರೂಮಿನಲ್ಲಿ ನನ್ನ ಹೆಸರು ಹೇಳ್ಕೋತಾರಲ್ಲ. ನಾನು ಏನೋ ಮುದ್ದಿಗೆ ಅಂದ್ಕೊಂಡಿದ್ದೆ." ಅವಳೂ ಗುಂಡಿ ಒತ್ತಿ ಹೋದಳು. ಅತ್ತೆಗೆ ಎಲ್ಲ ಮೊದಲೇ ಗೊತ್ತು, ಹೆತ್ತವರಲ್ಲವಾ. "ಈ ಮಾತು ಆ ಹುಡುಗನ ಕಿವಿಗೆ ಹಾಕಿದ್ದು ಯಾರು?" ಅಂತ ನನ್ನನ್ನೇ ಕೇಳಿ ಎದ್ದರು. ಆಮೇಲೆ ನನ್ನ ಗುಂಡಿ ನಾನು ಒತ್ತಿದೆ.

ಹರಿದು ಹಾಕ್ತೀನಿ ಅಂದಿದ್ದೆ ನೀನು.

ಅಕ್ಕ


ಏಪ್ರಿಲ್ 10

ಪ್ರೀತಿಯ ಅಕ್ಕ,

ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಕ್ಷಮಿಸು. ಆದರೆ ನನ್ನ ಪಾಡನ್ನೂ ಸ್ವಲ್ಪ ಕೇಳು. ಆ ನಗುವಿನ ಸದ್ದು ನಾನು ಸೇರಿಸಿದ್ದಲ್ಲ, ನಿರ್ದೇಶಕ ಸೇರಿಸಿದ್ದು. ನಾನು ಬರೆದಾಗ ಆ ದೃಶ್ಯ ಮೌನವಾಗಿತ್ತು. ಭಾವನ ಗುರುತು ಸಿಗಬಾರದು ಅಂತ ಎಷ್ಟು ಜಾಗ್ರತೆ ಮಾಡಿದ್ದೆ! ಭಾವನಿಗೆ ಮೀಸೆ ಇಲ್ಲ. ನನ್ನ ನಾಯಕನಿಗೆ ಇಷ್ಟು ದಪ್ಪ ಮೀಸೆ ಇಟ್ಟೆ. ಹುಡುಗಿಯ ಹೆಸರನ್ನೂ ಬದಲಾಯಿಸಿದೆ. ಊರಿನಲ್ಲಿ ಯಾರಿಗೆ ಗೊತ್ತಾಗಬೇಕಿತ್ತು?

ಮತ್ತೆ, ಹೇಳಿದರೆ ನೊಂದುಕೊಳ್ಳಬೇಡ, ನೀನೂ ನನ್ನಿಂದ ಡಬ್ಬದ ವಿಷಯ ಮುಚ್ಚಿಟ್ಟೆ. ಹದಿನಾಲ್ಕು ವರ್ಷ ಕಾದ ನನ್ನ ಹೆಸರನ್ನು ಒರೆಸಿ ಹಾಕಿದ್ದು ನನ್ನ ಒಡಹುಟ್ಟಿದವಳ ಮನೆಯ ನಾಲ್ಕು ಗುಂಡಿ ಅಂದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಹೊರಗಿನವರು ಮೋಸ ಮಾಡಿದರೆ ಬೈಯಬಹುದು. ನಿನ್ನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಎಂಟೇ ನಿಮಿಷ ಕೂತಿದ್ದರೆ ಸಾಕಿತ್ತು ಅಕ್ಕ! ಹತ್ತೊಂಬತ್ತನೇ ನಿಮಿಷದಲ್ಲಿ ಕಥೆ ಮಗ್ಗುಲು ಬದಲಾಯಿಸುತ್ತೆ. ಸ್ಟೇಷನ್ನಿನ ಜನಜಂಗುಳಿಯಲ್ಲಿ ಅವನ ಮಗಳೇ ತಪ್ಪಿಸಿಕೊಳ್ಳುತ್ತಾಳೆ. ಸೆಟ್ ಮುರಿದುಹೋಗಿದೆ. ಅವನು ಹಾಗೇ ಮೈಕ್ ಹಿಡಿದು ಅವಳ ಹೆಸರು ಕೂಗುತ್ತಾನೆ, ಒಂದಕ್ಷರ ತೊದಲದೆ. ಅಷ್ಟೂ ಪ್ಲಾಟ್‌ಫಾರ್ಮ್ ಸ್ತಬ್ಧ. ಆ ದೃಶ್ಯಕ್ಕಾಗಿಯೇ ನಾನು ಮಿಕ್ಕಿದ್ದನ್ನೆಲ್ಲ ಬರೆದದ್ದು. ಪರದೆಯ ಮೇಲೆ ಅದು ಹೇಗೆ ಬಂದಿತ್ತು ಅಂದರೆ, ನನ್ನ ಮೈ ಜುಮ್ಮೆಂದಿತು. ಭಾವ ಅದನ್ನು ನೋಡಿದ್ದರೆ ನನ್ನನ್ನು ಕರೆದು ತಬ್ಬಿಕೊಳ್ಳುತ್ತಿದ್ದರು. ನೀನಾದರೂ ಕಾಯಬಾರದಿತ್ತೇ?

ನಿನ್ನ
ಬುರುಡೆ


ಏಪ್ರಿಲ್ 21

ತಮ್ಮನಿಗೆ,

ಮೀಸೆ ಇಟ್ಟೆನೆಂದು ಬರೆದಿದ್ದೀಯ. ಓದಿ ನಗು ಬಂತು. ಇಷ್ಟು ದಿನದಲ್ಲಿ ಅದೊಂದೇ ಸಲ.

ಮನೆಯ ಸಮಾಚಾರ: ಡಬ್ಬವನ್ನು ವಾಪಸ್ ಕೊಟ್ಟೆವು. ಹೆಂಡತಿಯ ತಮ್ಮ ಟಿವಿಯಲ್ಲಿ ಕೆಲಸ ಮಾಡ್ತಾನೆ ಅಂತ ಇವರೇ ಬರೆದುಕೊಟ್ಟರು. ಬಾತ್‌ರೂಮಿನಿಂದ ಈಗ ನೀರಿನ ಸದ್ದು ಮಾತ್ರ ಬರುತ್ತೆ. ಪುಟ್ಟಿ ಹೊರಗೆ ನಿಂತು ಕಾಯ್ತಾಳೆ. ಒಂದು ದಿನ "ಅಪ್ಪ, ನನ್ನ ಹೆಸರು ಹೇಳಲ್ವಾ?" ಅಂತಲೂ ಕೇಳಿದಳು. "ಸ್ಕೂಲಿಗೆ ಹೊತ್ತಾಯ್ತು, ನಡಿ" ಅಂದರು. ಸ್ಟೇಷನ್ನಿನಲ್ಲಿ ಯಾರೋ ಒಬ್ಬ "ಸಾರ್, ನೀವು ಸ್ವಲ್ಪ ಜೋರಾಗಿ ನಗಿ ನೋಡೋಣ" ಅಂದನಂತೆ. ಅವತ್ತಿನಿಂದ ಅರ್ಧ ಅನೌನ್ಸ್‌ಮೆಂಟನ್ನು ಜೊತೆಯವರಿಗೆ ಬಿಟ್ಟುಕೊಡ್ತಾರೆ. ಗೋಡೆಯ ಪೋಸ್ಟರ್ ಇವರು ಕಿತ್ತು ಹಾಕಿಲ್ಲ. ನಾನು ಕೇಳಿದ್ದಕ್ಕೆ, "ಬಾಮೈದನ ಹೆಸರಿದೆಯಲ್ಲೇ ಅದರಲ್ಲಿ" ಅಂದರು. ಇದನ್ನು ನಿನಗೆ ಬರೆಯಬಾರದು ಅಂತಿದ್ದೆ, ಬರೆದಾಯಿತು.

ಡಬ್ಬದ ವಿಷಯ ನಿನಗೆ ಹೇಳದೇ ಇದ್ದದ್ದು ನಿನಗಾಗಿ. ನನ್ನ ಮನೆಯ ವಿಷಯ ನೀನು ಊರಿಗೆ ಹೇಳಿದ್ದು ನಿನಗಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ.

ಇನ್ನೊಂದು ಮಾತು ಇವರಿಗೂ ಹೇಳಿಲ್ಲ. ನಾನು ಗುಂಡಿ ಒತ್ತಿದೆ ಅಂತ ಬರೆದಿದ್ದೆ. ಎದ್ದು ಹೋದೆ ಅಂತ ಬರೆದಿರಲಿಲ್ಲ. ಮೂವರೂ ಒತ್ತಿ ಹೋದ ಮೇಲೆ ನಾನೊಬ್ಬಳೇ ನೋಡುತ್ತಾ ಕೂತಿದ್ದೇನೆ ಅಂತ ಆ ಡಬ್ಬಕ್ಕೂ ಗೊತ್ತಾಗಬಾರದು ಅನ್ನಿಸಿತು. ಒತ್ತಿ, ಹಾಗೇ ಕೂತೆ. ಕೊನೆಯಲ್ಲಿ ನಿನ್ನ ಹೆಸರು ಬರುವವರೆಗೂ ಕೂತೆ. ನಾನು ಚಿಕ್ಕಂದಿನಲ್ಲಿ ಕೈಹಿಡಿದು ಬರೆಸಿದ ಹೆಸರು. ಗೋಡೆಗಳು ನೋಡಿದವು ಅಂದೆಯಲ್ಲ, ನೋಡಿದ್ದು ನಾನು. ಆದ್ದರಿಂದ ಹತ್ತೊಂಬತ್ತನೇ ನಿಮಿಷದಲ್ಲಿ ಏನು ಬಂತು ಅಂತ ನನಗೆ ಚೆನ್ನಾಗಿ ಗೊತ್ತು.

ನಿನ್ನೆ ಸಂಜೆ ಇವರು ಇದ್ದಕ್ಕಿದ್ದ ಹಾಗೆ ಕೇಳಿದರು: "ನಾವೆಲ್ಲ ಎದ್ದು ಹೋದ ಮೇಲೆ ಆ ಮನುಷ್ಯನಿಗೆ ಏನಾಯಿತಂತೆ? ಕೊನೆಯಲ್ಲಾದರೂ ಸ್ವಲ್ಪ ಮರ್ಯಾದೆ ಸಿಕ್ಕಿತಾ?" ನಾನು "ನನಗೇನು ಗೊತ್ತು, ನಾನೂ ಎದ್ದೆನಲ್ಲ" ಅಂದೆ. "ನಿನ್ನ ತಮ್ಮನನ್ನು ಕೇಳು. ಅವನು ನೋಡಿರ್ತಾನೆ" ಅಂದರು.

ಕೇಳ್ತಾ ಇದ್ದೇನೆ. ನೀನು ರೆಪ್ಪೆ ಮಿಟುಕಿಸದೆ ನೋಡಿದವನಲ್ಲವಾ. ನೀನು ಬರೆದದ್ದು ಬೇಡ. ಟಿವಿಯಲ್ಲಿ ಬಂದದ್ದನ್ನು ಬರೆದು ಕಳಿಸು. ನಿನ್ನ ಕಾಗದವನ್ನೇ ಇವರ ಕೈಗೆ ಕೊಡುತ್ತೇನೆ.

ಅಕ್ಕ


ಮೇ 3

ಅಕ್ಕ,

ಈ ಕಾಗದವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ಭಾವನಿಗಾಗಿ ಆ ಹತ್ತೊಂಬತ್ತನೇ ನಿಮಿಷವನ್ನು ವರ್ಣಿಸಿದ್ದೆ. ಚೆನ್ನಾಗಿಯೇ ಬಂದಿತ್ತು. ಒಂದರಲ್ಲಿ ಸ್ಟೇಷನ್ ಮಾಸ್ಟರನ್ನು ಅಳಿಸಿದ್ದೆ, ಇನ್ನೊಂದರಲ್ಲಿ ರೈಲನ್ನೇ ನಿಲ್ಲಿಸಿಬಿಟ್ಟಿದ್ದೆ. ಮೂರನ್ನೂ ಹರಿದು ಹಾಕಿದೆ. ನಿನ್ನ ಹಳೇ ಕಾಗದಗಳಿಗೆ ಮಾಡಬೇಕಿದ್ದ ಕೆಲಸ ನನಗೆ ಬರುತ್ತೆ ಅಂತ ಇವತ್ತು ಗೊತ್ತಾಯಿತು.

ಪ್ರಸಾರದ ಹಿಂದಿನ ದಿನ ನಿರ್ದೇಶಕ ಬಂದು "ಎರಡು ನಿಮಿಷ ಜಾಸ್ತಿ ಇದೆ, ಏನಾದರೂ ಕತ್ತರಿಸಬೇಕು" ಅಂದ. ಪೋಸ್ಟರ್ ಅಂಟಿಸಿಯಾಗಿತ್ತು, ಹೆಸರು ಬಂದಾಗಿತ್ತು. "ನಿಮಗೆ ಬಿಟ್ಟದ್ದು" ಅಂದೆ. ಏನು ಕತ್ತರಿಸಿದ ಅಂತ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೆ. ಈಗ ಹುಡುಕಿದರೆ ಆ ಟೇಪಿನ ಮೇಲೆ ಕ್ವಿಜ್ ರೆಕಾರ್ಡ್ ಆಗಿ ಕೂತಿದೆ. ಅವತ್ತು ಜೊತೆಗಿದ್ದವರನ್ನು ಕೇಳಿದೆ, ಒಬ್ಬರಿಗೂ ನೆನಪಿಲ್ಲ.

ನನಗೂ ಇಲ್ಲ. ಫೋನ್ ಬಂದವನು, ಬಸ್ ತಪ್ಪುತ್ತಿದ್ದವನು ಎಲ್ಲ ಏಳುವುದಕ್ಕೆ ಮೊದಲೇ, ಹತ್ತನೇ ನಿಮಿಷ ಮುಗಿಯುತ್ತಿದ್ದ ಹಾಗೆ, ಆ ಕನ್ನಡಿಯ ದೃಶ್ಯ ಇನ್ನೇನು ಬರಬೇಕು ಅನ್ನುವಾಗ, "ಟೀ ತರ್ತೀನಿ" ಅಂತ ಹೇಳಿ ಮೊದಲು ಎದ್ದವನು ನಾನು. ಕೆಳಗೆ ಕ್ಯಾಂಟೀನಿಗೆ ಹೋಗಿ, ಮೇಲಿನ ನಗು ಕೇಳಿಸದ ಹಾಗೆ ನಲ್ಲಿ ಜೋರಾಗಿ ಬಿಟ್ಟುಕೊಂಡು, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ, ಏಳೂವರೆಯವರೆಗೆ.

ಹತ್ತೊಂಬತ್ತನೇ ನಿಮಿಷದಲ್ಲಿ ಏನು ಬಂತು ಅಂತ ನನಗೆ ಗೊತ್ತಿಲ್ಲ ಅಕ್ಕ. ನಾನು ನೋಡಲೇ ಇಲ್ಲ.